ಪ್ರತಿಗಳೂ ಏಕವಾಕ್ಯತೆಯೂ: ವಿತರಿತ ಸಮಷ್ಟಿಸ್ಮೃತಿಯ ಸಿದ್ಧಾಂತಗಳ ವಿಮರ್ಶೆ

ಒಂದೇ ಗ್ರಂಥಕ್ಕೆ ಹಲವು ಪ್ರತಿಗಳಿದ್ದಾಗ ಯಾವ ಪ್ರತಿಯನ್ನು ನಂಬಬೇಕೆಂಬ ಪ್ರಶ್ನೆ ಗ್ರಂಥಸಂಪಾದನ ಶಾಸ್ತ್ರದಷ್ಟೇ ಹಳೆಯದು. ಓಲೆಗರಿಗಳನ್ನು ಮುಂದಿಟ್ಟುಕೊಂಡ ಸಂಪಾದಕನು ಪಾಠಾಂತರಗಳನ್ನು ಹೋಲಿಸಿ, ಮೂಲಪಾಠವನ್ನು ನಿರ್ಣಯಿಸಲು ಯತ್ನಿಸುತ್ತಾನೆ. ಅವನಿಗೆ ಒಂದು ಅನುಕೂಲವಿದೆ: ಲಿಪಿಕಾರರು ತಮ್ಮ ಕೆಲಸವನ್ನು ಎಂದೋ ಮುಗಿಸಿ ಹೋಗಿದ್ದಾರೆ, ಅವನು ಓದುತ್ತಿರುವಾಗ ಪ್ರತಿಗಳು ಬದಲಾಗುವುದಿಲ್ಲ. ಗಣಕಯಂತ್ರಗಳ ಜಾಲದಲ್ಲಿ ದತ್ತಾಂಶದ ಪ್ರತಿಗಳನ್ನು ಇಡುವವನಿಗೆ ಈ ಅನುಕೂಲವಿಲ್ಲ. ಅಲ್ಲಿ ಓದುವವರೂ ಬರೆಯುವವರೂ ಏಕಕಾಲದಲ್ಲಿ ಕೆಲಸಮಾಡುತ್ತಿರುತ್ತಾರೆ. ಒಂದು ಪ್ರತಿಯನ್ನು ತಿದ್ದಿದ ವಾರ್ತೆ ಇನ್ನೊಂದು ಪ್ರತಿಯನ್ನು ಮುಟ್ಟುವ ಮೊದಲೇ ಆ ಇನ್ನೊಂದನ್ನು ಯಾರೋ ಓದಿ, ಅದರ ಆಧಾರದ ಮೇಲೆ ಮೂರನೆಯದನ್ನು ತಿದ್ದಿರುತ್ತಾರೆ. ಹೀಗಿರುವಲ್ಲಿ ಓದುವವನಿಗೆ ಯಾವ ಭರವಸೆಯನ್ನು ಕೊಡಲು ಸಾಧ್ಯ, ಯಾವ ಭರವಸೆಯನ್ನು ಕೊಡುವುದು ಯುಕ್ತ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಇಂಗ್ಲಿಷಿನಲ್ಲಿ ಡಿಸ್ಟ್ರಿಬ್ಯೂಟೆಡ್ ಷೇರ್ಡ್ ಮೆಮೊರಿ ಎಂದು ಪ್ರಸಿದ್ಧವಾಗಿರುವ ವ್ಯವಸ್ಥೆಯನ್ನು ನಾವು ಇಲ್ಲಿ ವಿತರಿತ ಸಮಷ್ಟಿಸ್ಮೃತಿ ಎಂದು ಕರೆಯುತ್ತೇವೆ. ಪ್ರತಿಯೊಂದು ಗಣಕಕ್ಕೂ ಅದರದೇ ಆದ ವ್ಯಷ್ಟಿಸ್ಮೃತಿಯಿದ್ದು, ಅವೆಲ್ಲವೂ ಸೇರಿ ಒಂದೇ ಸ್ಮೃತಿಯೆಂಬಂತೆ ತೋರುವುದು ಇದರ ಲಕ್ಷಣ. ಕನ್ಸಿಸ್ಟೆನ್ಸಿ ಎಂಬ ಪದಕ್ಕೆ ಏಕವಾಕ್ಯತೆ ಎಂಬ ನಮ್ಮ ಶಾಸ್ತ್ರಪರಿಚಿತವಾದ ಮಾತನ್ನೇ ಬಳಸಿದ್ದೇವೆ. ಹಲವು ಪ್ರತಿಗಳು ಹೇಳುವುದೆಲ್ಲವೂ ಕೂಡಿ ಒಂದೇ ಮಾತಾಗಬೇಕೆಂಬ ಭಾವ ಅದರಲ್ಲಿ ಅಡಗಿದೆ.

ಈ ವಿಷಯವನ್ನು ಕುರಿತ ಪಠ್ಯಗ್ರಂಥಗಳಲ್ಲಿ ಒಂದು ಪದ್ಧತಿ ರೂಢಿಯಾಗಿಬಿಟ್ಟಿದೆ. ಏಕವಾಕ್ಯತೆಯ ಬಗೆಗಳನ್ನು ಬಲವಾದುದರಿಂದ ದುರ್ಬಲವಾದುದರವರೆಗೆ ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಮೇಲಿನ ಮೆಟ್ಟಿಲು ನಿಧಾನ, ಕೆಳಗಿನ ಮೆಟ್ಟಿಲು ವೇಗ ಎಂದು ಹೇಳಿ ಮುಗಿಸುವುದು ಆ ಪದ್ಧತಿ. ವಿದ್ಯಾರ್ಥಿಯು ಈ ಪಟ್ಟಿಯನ್ನು ಕಂಠಪಾಠಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾನೆ. ಈ ನಿರೂಪಣೆ ಸುಳ್ಳಲ್ಲ. ಆದರೆ ಮುಖ್ಯವಾದುದನ್ನು ಬಿಟ್ಟಿದೆ ಎಂಬುದು ನಮ್ಮ ಅಭಿಪ್ರಾಯ. ಒಂದು ಬಗೆಗೂ ಇನ್ನೊಂದಕ್ಕೂ ಇರುವ ನಿಜವಾದ ಭೇದವು ವೇಗದ ತಾರತಮ್ಯವಲ್ಲ. ಪ್ರತಿಗಳ ನಡುವಣ ಭಿನ್ನತೆಯ ಭಾರವನ್ನು ಯಾರು ಹೊರಬೇಕು, ಯಂತ್ರವ್ಯವಸ್ಥೆಯೋ ಅಥವಾ ಪ್ರೋಗ್ರಾಂ ಬರೆಯುವವನೋ, ಹೊರಬೇಕಾದವನಿಗೆ ಆ ಸಂಗತಿಯನ್ನು ಮುಂದಾಗಿ ತಿಳಿಸಲಾಗಿದೆಯೋ ಇಲ್ಲವೋ, ಎಂಬುದೇ ಆ ಭೇದ. ಈ ದೃಷ್ಟಿಯಿಂದ ಕೆಲವು ಪ್ರಮುಖ ಕೃತಿಗಳನ್ನೂ ವ್ಯವಸ್ಥೆಗಳನ್ನೂ ಪರಾಮರ್ಶಿಸುವುದು ನಮ್ಮ ಉದ್ದೇಶ.

೧

ಮೊದಲಿಗೆ ಪ್ರತಿಗಳು ಏತಕ್ಕೆ ಬೇಕೆಂಬುದನ್ನು ನೋಡೋಣ. ಗಣಕಗಳ ನಡುವೆ ದೂರವಿದೆ. ದೂರವನ್ನು ದಾಟಲು ಕಾಲ ಬೇಕು. ಗಾಜಿನ ತಂತುವಿನಲ್ಲಿ ಬೆಳಕು ಒಂದು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಸಾಗುತ್ತದೆ. ಸಾವಿರ ಕಿಲೋಮೀಟರು ದೂರದ ಗಣಕಕ್ಕೆ ಒಂದು ಸಂದೇಶ ತಲುಪಲು ೫ ಮಿಲಿಸೆಕೆಂಡು ಬೇಕೇ ಬೇಕು. ಸೆಕೆಂಡಿಗೆ ೩೦೦ ಕೋಟಿ ಬಾರಿ ಮಿಡಿಯುವ ಪ್ರೊಸೆಸರಿಗೆ ಈ ಅವಧಿಯು ಒಂದೂವರೆ ಕೋಟಿ ಮಿಡಿತಗಳಷ್ಟು ದೀರ್ಘವಾದುದು. ಒಂದೊಂದು ಪದವನ್ನು ಓದಲೂ ಇಷ್ಟು ಕಾಲ ಕಾಯುವುದು ಅಸಾಧ್ಯ. ಒಂದೇ ಕೊಠಡಿಯೊಳಗಿನ ಗಣಕಗಳಲ್ಲಿಯೂ ಪ್ರಮಾಣ ಸಣ್ಣದಾಗುತ್ತದೆಯೇ ಹೊರತು ತೊಡಕಿನ ಸ್ವರೂಪ ಬದಲಾಗುವುದಿಲ್ಲ. ಆದಕಾರಣ ಬೇಕಾದ ದತ್ತಾಂಶದ ಪ್ರತಿಯೊಂದನ್ನು ಓದುವವನ ಹತ್ತಿರವೇ ಇರಿಸಬೇಕಾಗುತ್ತದೆ. ಇಡುವುದು ಸುಲಭ, ತಿದ್ದುವುದು ಕಷ್ಟ. ಓದು ಮಾತ್ರವೇ ಇದ್ದು ಬರೆಹವಿಲ್ಲದಿದ್ದಲ್ಲಿ ಈ ಶಾಸ್ತ್ರವೇ ಹುಟ್ಟುತ್ತಿರಲಿಲ್ಲ.

ತೊಡಕು ಯಾವ ರೀತಿಯದೆಂಬುದಕ್ಕೆ ಒಂದು ಸಣ್ಣ ನಿದರ್ಶನವನ್ನು ಕೊಡಬಹುದು. ಕ ಮತ್ತು ಖ ಎಂಬ ಎರಡು ಸ್ಥಾನಗಳಿವೆ; ಎರಡರಲ್ಲಿಯೂ ಮೊದಲು ಸೊನ್ನೆಯಿದೆ. ಒಂದನೆಯ ಗಣಕವು ಕ ಸ್ಥಾನದಲ್ಲಿ ೧ ಎಂದು ಬರೆದು ಅನಂತರ ಖ ಸ್ಥಾನವನ್ನು ಓದುತ್ತದೆ. ಎರಡನೆಯ ಗಣಕವು ಖ ಸ್ಥಾನದಲ್ಲಿ ೧ ಎಂದು ಬರೆದು ಅನಂತರ ಕ ಸ್ಥಾನವನ್ನು ಓದುತ್ತದೆ. ಇನ್ನೊಬ್ಬನ ಸ್ಥಾನದಲ್ಲಿ ಸೊನ್ನೆಯನ್ನು ಕಂಡವನು ಕೋಣೆಯೊಳಕ್ಕೆ ಹೋಗಬಹುದು, ೧ ಕಂಡವನು ಹೊರಗೆ ನಿಲ್ಲಬೇಕು ಎಂದು ಕಟ್ಟಳೆ ಮಾಡಿಕೊಳ್ಳೋಣ. ಸ್ಮೃತಿ ಒಂದೇ ಆಗಿದ್ದಲ್ಲಿ ಇಬ್ಬರೂ ಒಳಗೆ ಹೋಗುವುದು ಎಂದಿಗೂ ಸಾಧ್ಯವಿಲ್ಲ. ಈ ನಾಲ್ಕು ಕ್ರಿಯೆಗಳನ್ನು ಯಾವ ಸಾಲಿನಲ್ಲಿ ಜೋಡಿಸಿದರೂ ಎರಡು ಬರೆಹಗಳಲ್ಲಿ ಒಂದು ಕೊನೆಯದಾಗಲೇಬೇಕು. ಅದನ್ನು ಬರೆದ ಗಣಕವು ಅನಂತರ ಓದುವಾಗ ಇನ್ನೊಂದು ಬರೆಹ ಆಗಿಹೋಗಿರುತ್ತದೆ. ಅದು ೧ ಎಂಬುದನ್ನೇ ಕಾಣುತ್ತದೆ. ಆದರೆ ಗಣಕಗಳೆರಡೂ ತಮ್ಮ ತಮ್ಮ ಹತ್ತಿರದ ಪ್ರತಿಗಳನ್ನು ಓದುತ್ತಿದ್ದು, ತಿದ್ದುಪಡಿಯ ವಾರ್ತೆ ಇನ್ನೂ ದಾರಿಯಲ್ಲಿಯೇ ಇದ್ದರೆ, ಇಬ್ಬರೂ ಸೊನ್ನೆಯನ್ನೇ ಕಂಡು ಇಬ್ಬರೂ ಒಳಗೆ ಹೋಗುತ್ತಾರೆ. ಒಬ್ಬೊಬ್ಬರೂ ಕಟ್ಟಳೆಯನ್ನು ಅಕ್ಷರಶಃ ಪಾಲಿಸಿದ್ದರೂ ಸಮಷ್ಟಿಯಲ್ಲಿ ಕಟ್ಟಳೆ ಮುರಿಯಿತು. ಬ್ಯಾಂಕಿನ ಒಂದೇ ಖಾತೆಯಿಂದ ಇಬ್ಬರು ಏಕಕಾಲದಲ್ಲಿ ಹಣ ತೆಗೆಯುವ ಸಂದರ್ಭವನ್ನು ಕಲ್ಪಿಸಿಕೊಂಡರೆ ಇದರ ಗಾಂಭೀರ್ಯ ಮನವರಿಕೆಯಾಗುತ್ತದೆ.

ಇದನ್ನು ದೂರದ ಜಾಲಗಳಿಗೆ ಮಾತ್ರ ಸಂಬಂಧಿಸಿದ ಅಪರೂಪದ ವಿಕಾರವೆಂದು ಭಾವಿಸಲಾಗದು. ಸಾಮಾನ್ಯ ಬಳಕೆಯ ಎಕ್ಸ್ ೮೬ ವರ್ಗದ ಬಹುಪ್ರೊಸೆಸರ್ ಯಂತ್ರಗಳು ಕೂಡ, ತಡೆಯಾಜ್ಞೆಯನ್ನು ನಡುವೆ ಇಡದಿದ್ದಲ್ಲಿ, ಇಬ್ಬರೂ ಸೊನ್ನೆ ಕಾಣುವ ಈ ಫಲಿತಾಂಶವನ್ನು ಅನುಮತಿಸುತ್ತವೆ. ಬರೆಹವು ಸ್ಮೃತಿಯನ್ನು ಸೇರುವ ಮೊದಲು ಪ್ರೊಸೆಸರಿನ ಸಾಲಿನಲ್ಲಿ ಕಾದುನಿಂತಿರುವುದೇ ಇದಕ್ಕೆ ಕಾರಣ. ಒಂದೇ ಪೆಟ್ಟಿಗೆಯೊಳಗೆ ಹೀಗಾದರೆ ಜಾಲದ ಮಾತೇನು?

೨

ಈ ತೊಡಕಿಗೆ ಶಾಸ್ತ್ರೀಯವಾದ ರೂಪವನ್ನು ಕೊಟ್ಟವರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅಗ್ರಗಣ್ಯರು. ೧೯೭೯ರಲ್ಲಿ ಪ್ರಕಟವಾದ, ಎರಡು ಪುಟಗಳನ್ನು ಮೀರದ ಅವರ ಲೇಖನವು ಅನುಕ್ರಮ ಏಕವಾಕ್ಯತೆಯ ಲಕ್ಷಣವನ್ನು ಹೇಳಿತು. ಎಲ್ಲ ಪ್ರೊಸೆಸರುಗಳ ಎಲ್ಲ ಕ್ರಿಯೆಗಳನ್ನೂ ಯಾವುದೋ ಒಂದು ಸಾಲಿನಲ್ಲಿ ಒಂದರ ಹಿಂದೆ ಒಂದರಂತೆ ನಡೆಸಿದ್ದರೆ ಯಾವ ಫಲ ಬರುತ್ತಿತ್ತೋ ಆ ಫಲವೇ ಬರಬೇಕು. ಆ ಸಾಲಿನಲ್ಲಿ ಒಂದೊಂದು ಪ್ರೊಸೆಸರಿನ ಕ್ರಿಯೆಗಳೂ ಅದರ ಪ್ರೋಗ್ರಾಂ ಹೇಳಿದ ಕ್ರಮದಲ್ಲಿಯೇ ಇರಬೇಕು. ಇಷ್ಟೇ ಅದರ ತಿರುಳು.

ಈ ಲಕ್ಷಣದ ಗುಣವನ್ನು ಗುರುತಿಸಬೇಕು. ಪ್ರತಿಗಳೆಲ್ಲವೂ ಸದಾ ಸಮನಾಗಿರಬೇಕೆಂದು ಇದು ಕೇಳುವುದಿಲ್ಲ. ಯಾವ ಗಡಿಯಾರವನ್ನೂ ಇದು ಉಲ್ಲೇಖಿಸುವುದಿಲ್ಲ. ಒಳಗೆ ಏನೇ ನಡೆಯಲಿ, ಹೊರಗಿನಿಂದ ನೋಡಿದವನಿಗೆ ಒಂದು ಸುಸಂಬದ್ಧವಾದ ಕಥೆ ದೊರೆಯಬೇಕು, ಅಷ್ಟೆ. ಒಳ್ಳೆಯ ಲಕ್ಷಣವಾಕ್ಯವು ಸಾಧನವನ್ನು ವಿಧಿಸದೆ ಸಾಧ್ಯವನ್ನು ಮಾತ್ರ ನಿರ್ದೇಶಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಮೇಲಾದ ಉದಾಹರಣೆ ಗಣಕಶಾಸ್ತ್ರದಲ್ಲಿ ವಿರಳ. ಆದರೆ ಇದಕ್ಕೆ ಒಂದು ಮಿತಿಯೂ ಇದೆ. ಎರಡು ಸ್ಮೃತಿಗಳು ಪ್ರತ್ಯೇಕವಾಗಿ ಈ ಲಕ್ಷಣವನ್ನು ತಳೆದಿದ್ದರೂ ಅವೆರಡೂ ಕೂಡಿದಾಗ ಅದು ಉಳಿಯುವುದೆಂಬ ನಿಶ್ಚಯವಿಲ್ಲ. ಮಾರಿಸ್ ಹರ್ಲಿಹಿ ಮತ್ತು ಜೆನೆಟ್ ವಿಂಗ್ ೧೯೯೦ರಲ್ಲಿ ಪ್ರತಿಪಾದಿಸಿದ ಲೀನಿಯರೈಸಬಿಲಿಟಿ ಎಂಬ ಲಕ್ಷಣವು ನಿಜವಾದ ಕಾಲಕ್ರಮವನ್ನೂ ಸೇರಿಸಿಕೊಂಡು ಈ ಕೊರತೆಯನ್ನು ತುಂಬಿತು. ಬಿಡಿಬಿಡಿಯಾಗಿ ಸಿದ್ಧಪಡಿಸಿದ ಭಾಗಗಳನ್ನು ಕೂಡಿಸಿ ದೊಡ್ಡ ವ್ಯವಸ್ಥೆಗಳನ್ನು ಕಟ್ಟುವವರಿಗೆ ಇದು ಅಲ್ಪವಾದ ಲಾಭವಲ್ಲ.

ಭರವಸೆಗೆ ಬೆಲೆಯುಂಟು. ರಿಚರ್ಡ್ ಲಿಪ್ಟನ್ ಮತ್ತು ಜೊನಾಥನ್ ಸ್ಯಾಂಡ್‌ಬರ್ಗ್ ೧೯೮೮ರಲ್ಲಿ ತೋರಿಸಿದ ಒಂದು ನಿಯಮವಿದೆ: ಅನುಕ್ರಮ ಏಕವಾಕ್ಯತೆಯುಳ್ಳ ಯಾವ ವ್ಯವಸ್ಥೆಯಲ್ಲಿಯೂ ಒಂದು ಓದಿನ ಕಾಲ ಮತ್ತು ಒಂದು ಬರೆಹದ ಕಾಲ ಇವೆರಡರ ಮೊತ್ತವು ಒಂದು ಸಂದೇಶ ಜಾಲವನ್ನು ದಾಟುವ ಕಾಲಕ್ಕಿಂತ ಕಡಮೆಯಾಗಲಾರದು. ಓದನ್ನು ಶೀಘ್ರಗೊಳಿಸಿದರೆ ಬರೆಹ ನಿಧಾನವಾಗುತ್ತದೆ. ಬರೆಹವನ್ನು ಶೀಘ್ರಗೊಳಿಸಿದರೆ ಓದು ನಿಧಾನವಾಗುತ್ತದೆ. ಯಾವ ಜಾಣ್ಮೆಯಿಂದಲೂ ಈ ಋಣವನ್ನು ತಪ್ಪಿಸಿಕೊಳ್ಳುವಂತಿಲ್ಲ. ಮುಂದೆ ಬಂದ ವ್ಯವಸ್ಥೆಗಳ ಇತಿಹಾಸವೆಲ್ಲವೂ ಈ ಋಣವನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬ ವಾದವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

೩

ಜಾಲದ ಮೇಲೆ ಸಮಷ್ಟಿಸ್ಮೃತಿಯನ್ನು ಕಟ್ಟಿ ತೋರಿಸಿದ ಆದ್ಯರಲ್ಲಿ ಕೈ ಲಿ ಅವರ ಹೆಸರು ಮುಖ್ಯ. ೧೯೮೬ರಲ್ಲಿ ಯೇಲ್ ವಿಶ್ವವಿದ್ಯಾನಿಲಯಕ್ಕೆ ಅವರು ಸಲ್ಲಿಸಿದ ಮಹಾಪ್ರಬಂಧವೂ, ೧೯೮೯ರಲ್ಲಿ ಪಾಲ್ ಹುಡಾಕ್ ಅವರೊಡನೆ ಪ್ರಕಟಿಸಿದ ಲೇಖನವೂ ಈ ಕ್ಷೇತ್ರಕ್ಕೆ ಅಡಿಗಲ್ಲು. ಅವರು ರಚಿಸಿದ ಐವಿ ಎಂಬ ವ್ಯವಸ್ಥೆ ಉಂಗುರದಾಕಾರದ ಜಾಲದಿಂದ ಜೋಡಿಸಲ್ಪಟ್ಟ ಅಪೋಲೊ ಗಣಕಗಳ ಮೇಲೆ ನಡೆಯುತ್ತಿತ್ತು. ಅದರ ಉಪಾಯ ಸರಳವಾದುದು. ಸ್ಮೃತಿಯನ್ನು ಪುಟಗಳಾಗಿ ವಿಂಗಡಿಸುವುದು; ತನ್ನಲ್ಲಿಲ್ಲದ ಪುಟವನ್ನು ಗಣಕವು ಮುಟ್ಟಿದಾಗ, ಹಿಂದೆ ಡಿಸ್ಕಿನಿಂದ ತರುತ್ತಿದ್ದಂತೆಯೇ, ಇನ್ನೊಂದು ಗಣಕದಿಂದ ಆ ಪುಟವನ್ನು ತರಿಸುವುದು. ಓದುವವರು ಎಷ್ಟು ಜನರಿದ್ದರೂ ಪ್ರತಿಗಳನ್ನು ಕೊಡಬಹುದು. ಬರೆಯುವವನು ಬಂದೊಡನೆ ಮಿಕ್ಕ ಪ್ರತಿಗಳೆಲ್ಲವನ್ನೂ ರದ್ದುಮಾಡಿ ಅವನೊಬ್ಬನನ್ನೇ ಒಡೆಯನನ್ನಾಗಿ ಮಾಡಬೇಕು. ಹೀಗಾಗಿ ಒಂದು ಪುಟಕ್ಕೆ ಒಂದು ವೇಳೆಯಲ್ಲಿ ಹಲವು ಓದುಗರು ಅಥವಾ ಒಬ್ಬನೇ ಬರೆಹಗಾರ, ಎರಡೂ ಕೂಡಿರಲಾರವು.

ಇಲ್ಲಿ ಭಾರವನ್ನೆಲ್ಲ ಹೊತ್ತದ್ದು ವ್ಯವಸ್ಥೆ. ಪ್ರೋಗ್ರಾಂ ಬರೆಯುವವನಿಗೆ ಪ್ರತಿಗಳಿವೆಯೆಂಬುದೇ ತಿಳಿಯಬೇಕಾಗಿರಲಿಲ್ಲ. ಈ ಔದಾರ್ಯದ ಫಲವನ್ನು ಗ್ರಂಥಕರ್ತರು ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಮೂರು ಆಯಾಮಗಳ ಆಂಶಿಕ ಅವಕಲ ಸಮೀಕರಣಗಳನ್ನು ಬಿಡಿಸುವ ಪ್ರೋಗ್ರಾಂ, ಗಣಕಗಳ ಸಂಖ್ಯೆ ಹೆಚ್ಚಿದ ಪ್ರಮಾಣಕ್ಕಿಂತಲೂ ಹೆಚ್ಚಾಗಿ ವೇಗವನ್ನು ಪಡೆಯಿತು. ಒಂದು ಗಣಕದ ಸ್ಮೃತಿಯಲ್ಲಿ ಹಿಡಿಯದ ದತ್ತಾಂಶವು ಹಲವು ಗಣಕಗಳಲ್ಲಿ ಹರಡಿಕೊಂಡಾಗ ಡಿಸ್ಕಿನ ಓಡಾಟ ತಪ್ಪಿದುದೇ ಅದರ ರಹಸ್ಯ. ಅದಕ್ಕೆ ವಿರುದ್ಧವಾಗಿ ಎರಡು ಸದಿಶಗಳ ಬಿಂದುಗುಣಲಬ್ಧವನ್ನು ಕಂಡುಹಿಡಿಯುವ ಪ್ರೋಗ್ರಾಂ ಲಾಭವನ್ನು ಪಡೆಯಲಿಲ್ಲ. ಸಾಗಿಸಬೇಕಾದ ಸಂಖ್ಯೆಗಳು ಬಹಳ, ಮಾಡಬೇಕಾದ ಲೆಕ್ಕ ಸ್ವಲ್ಪ. ತಮ್ಮ ಸೃಷ್ಟಿಯ ದುರ್ಬಲಾಂಶವನ್ನು ತೋರುವ ನಿದರ್ಶನವನ್ನು ತಾವೇ ಆರಿಸಿ ಮುಂದಿಟ್ಟಿರುವುದು ಈ ಲೇಖನದ ಶ್ಲಾಘ್ಯವಾದ ಗುಣ.

ಆದರೆ ಪುಟವನ್ನೇ ಏಕಮಾನವಾಗಿ ಮಾಡಿಕೊಂಡುದರಿಂದ ಒಂದು ದೋಷ ಅನಿವಾರ್ಯವಾಯಿತು. ೪೦೯೬ ಬೈಟುಗಳ ಪುಟವೊಂದರಲ್ಲಿ ೮ ಬೈಟುಗಳ ಸಂಖ್ಯೆಗಳು ೫೧೨ ಹಿಡಿಯುತ್ತವೆ. ಒಂದು ಗಣಕವು ಅವುಗಳಲ್ಲಿ ಮೊದಲನೆಯದನ್ನೂ ಇನ್ನೊಂದು ಗಣಕವು ಕೊನೆಯದನ್ನೂ ತಿದ್ದುತ್ತಿದ್ದರೆ ಅವೆರಡಕ್ಕೂ ಪರಸ್ಪರ ಯಾವ ಸಂಬಂಧವೂ ಇಲ್ಲ. ಆದರೂ ಒಡೆತನವು ಪುಟದ್ದಾದುದರಿಂದ ಆ ಪುಟವು ಎರಡು ಗಣಕಗಳ ನಡುವೆ ಚೆಂಡಿನಂತೆ ಪುಟಿಯುತ್ತಲೇ ಇರುತ್ತದೆ. ಇದನ್ನು ಮಿಥ್ಯಾಸಹಭಾಗಿತ್ವವೆಂದು ಕರೆಯಬಹುದು. ಒಂದೇ ಜಗಲಿಯ ಎರಡು ತುದಿಗಳಲ್ಲಿ ಕುಳಿತವರು ಪರಸ್ಪರ ಮಾತಾಡದಿದ್ದರೂ ಒಬ್ಬನು ಕುಳಿತಾಗ ಇನ್ನೊಬ್ಬನು ಏಳಲೇಬೇಕೆಂದು ವಿಧಿಸಿದಂತೆ ಇದು.

೪

ಈ ದೋಷವನ್ನು ಪರಿಹರಿಸಲು ಹೊರಟವರು ಏಕವಾಕ್ಯತೆಯ ಲಕ್ಷಣವನ್ನೇ ಸಡಿಲಿಸಿದರು. ಅವರ ವಾದ ಹೀಗಿದೆ: ವಿವೇಕಿಯಾದ ಪ್ರೋಗ್ರಾಮರನು ಸಮಾನವಾದ ದತ್ತಾಂಶವನ್ನು ಬೀಗ ಹಾಕಿಕೊಳ್ಳದೆ ಮುಟ್ಟುವುದಿಲ್ಲ. ಬೀಗವನ್ನು ಹಿಡಿದಿರುವಾಗ ಬೇರೆ ಯಾರೂ ಆ ದತ್ತಾಂಶವನ್ನು ನೋಡುವುದಿಲ್ಲವಾದ ಕಾರಣ ಒಂದೊಂದು ತಿದ್ದುಪಡಿಯನ್ನೂ ಒಡನೆಯೇ ಸಾರಬೇಕಾಗಿಲ್ಲ. ಬೀಗವನ್ನು ಬಿಡುವಾಗ ಒಟ್ಟಾಗಿ ಸಾರಿದರೆ ಸಾಕು. ಇದೇ ಬಿಡುಗಡೆಯ ಏಕವಾಕ್ಯತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡ್ಯಾಷ್ ಯಂತ್ರದ ಸಂದರ್ಭದಲ್ಲಿ ಕೌರೋಷ್ ಘರಾಚೊರ್ಲೂ ಮತ್ತು ಅವರ ಸಹೋದ್ಯೋಗಿಗಳು ೧೯೯೦ರಲ್ಲಿ ಇದನ್ನು ನಿರೂಪಿಸಿದರು.

ಅದನ್ನು ಜಾಲದ ಗಣಕಗಳಿಗೆ ತಂದದ್ದು ರೈಸ್ ವಿಶ್ವವಿದ್ಯಾನಿಲಯದ ಮ್ಯುನಿನ್ ವ್ಯವಸ್ಥೆ. ಜಾನ್ ಕಾರ್ಟರ್, ಜಾನ್ ಬೆನೆಟ್ ಮತ್ತು ವಿಲ್ಲಿ ಜ್ವೇನೆಪೂಲ್ ಇದನ್ನು ೧೯೯೧ರಲ್ಲಿ ವರ್ಣಿಸಿದರು. ಮಿಥ್ಯಾಸಹಭಾಗಿತ್ವಕ್ಕೆ ಮ್ಯುನಿನ್ ಕಂಡುಕೊಂಡ ಮದ್ದು ನಮ್ಮ ಗ್ರಂಥಸಂಪಾದಕರಿಗೆ ಮೆಚ್ಚಿಕೆಯಾಗತಕ್ಕದ್ದು. ಪುಟವನ್ನು ಮೊದಲ ಬಾರಿ ತಿದ್ದುವಾಗಲೇ ಅದರ ಒಂದು ನಕಲನ್ನು ತೆಗೆದಿಡುತ್ತದೆ. ಬೀಗವನ್ನು ಬಿಡುವಾಗ ತಿದ್ದಿದ ಪುಟವನ್ನು ನಕಲಿನೊಡನೆ ಪದಶಃ ಹೋಲಿಸಿ ಬದಲಾದ ಪದಗಳನ್ನು ಮಾತ್ರ ಕಳುಹಿಸುತ್ತದೆ. ಇಬ್ಬರು ಒಂದೇ ಪುಟದ ಬೇರೆ ಬೇರೆ ಪದಗಳನ್ನು ತಿದ್ದಿದ್ದರೆ ಎರಡು ತಿದ್ದುಪಡಿಗಳೂ ಘರ್ಷಣೆಯಿಲ್ಲದೆ ಕೂಡಿಕೊಳ್ಳುತ್ತವೆ. ಪಾಠಾಂತರಗಳ ಪಟ್ಟಿಯನ್ನು ಮಾತ್ರ ಅಂಚೆಯಲ್ಲಿ ಕಳುಹಿಸಿ, ಗ್ರಂಥವನ್ನೇ ಹೊತ್ತುಕೊಂಡು ಹೋಗುವ ಶ್ರಮವನ್ನು ತಪ್ಪಿಸಿದಂತಾಯಿತು.

ಆದರೆ ಮ್ಯುನಿನ್ ಇನ್ನೊಂದನ್ನೂ ಕೇಳಿತು. ಸಮಾನ ದತ್ತಾಂಶದ ಒಂದೊಂದು ಭಾಗವೂ ಯಾವ ಜಾತಿಯದು, ಓದಿಗೆ ಮಾತ್ರವೋ, ಗಣಕದಿಂದ ಗಣಕಕ್ಕೆ ವಲಸೆಹೋಗುವುದೋ, ಒಬ್ಬನು ಉತ್ಪಾದಿಸಿ ಇನ್ನೊಬ್ಬನು ಬಳಸುವುದೋ, ಹಲವರು ಕೂಡಿ ತಿದ್ದುವುದೋ ಎಂಬುದನ್ನು ಪ್ರೋಗ್ರಾಮರನೇ ಗುರುತುಹಾಕಬೇಕು. ಆ ಗುರುತಿಗನುಸಾರವಾಗಿ ವ್ಯವಸ್ಥೆಯು ಬೇರೆ ಬೇರೆ ಸಂಪ್ರದಾಯಗಳನ್ನು ಅನುಸರಿಸುತ್ತದೆ. ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಮಿಡ್‌ವೇ ಇನ್ನೂ ಮುಂದೆ ಹೋಗಿ, ಯಾವ ದತ್ತಾಂಶಕ್ಕೆ ಯಾವ ಬೀಗವೆಂಬುದನ್ನು ಪ್ರತಿಯೊಂದಕ್ಕೂ ಘೋಷಿಸಬೇಕೆಂದಿತು. ಆ ಬೀಗವನ್ನು ಪಡೆದಾಗ ಅದಕ್ಕೆ ಸೇರಿದ ದತ್ತಾಂಶ ಮಾತ್ರ ಹೊಸದಾಗುತ್ತದೆ. ಇದು ಪ್ರವೇಶದ ಏಕವಾಕ್ಯತೆ. ಸಂದೇಶಗಳು ಕಡಮೆಯಾದುವೆಂಬುದು ನಿಜ. ಆದರೆ ಘೋಷಣೆಯೊಂದನ್ನು ಮರೆತವನ ಗತಿಯೇನು? ಅವನ ಪ್ರೋಗ್ರಾಂ ನಿಲ್ಲುವುದಿಲ್ಲ, ಎಚ್ಚರಿಕೆಯನ್ನು ಕೊಡುವುದಿಲ್ಲ. ಹಳೆಯ ಪ್ರತಿಯನ್ನು ಹೊಸದೆಂದು ಓದಿ ಮುಂದೆ ಸಾಗುತ್ತದೆ. ಸಮಷ್ಟಿಸ್ಮೃತಿಯ ಮೂಲಪ್ರತಿಜ್ಞೆ ಪ್ರತಿಗಳ ಚಿಂತೆಯಿಂದ ಪ್ರೋಗ್ರಾಮರನನ್ನು ಪಾರುಮಾಡುವುದಾಗಿತ್ತಲ್ಲವೆ? ಆ ಚಿಂತೆಯನ್ನು ಬೇರೊಂದು ಹೆಸರಿನಿಂದ ಅವನ ತಲೆಯ ಮೇಲೆಯೇ ಇಳಿಸಿದರೆ ಪ್ರತಿಜ್ಞೆ ನೆರವೇರಿತೆಂದು ಹೇಳಲಾಗದು.

ರೈಸ್ ವಿಶ್ವವಿದ್ಯಾನಿಲಯದಲ್ಲಿಯೇ ಮುಂದೆ ರೂಪುಗೊಂಡ ಟ್ರೆಡ್‌ಮಾರ್ಕ್ಸ್ ಈ ದೃಷ್ಟಿಯಿಂದ ಹೆಚ್ಚು ಸಮಂಜಸವಾದುದು. ಪೀಟ್ ಕೆಲೆಹರ್, ಅಲನ್ ಕಾಕ್ಸ್, ಸಂಧ್ಯಾ ದ್ವಾರಕಾದಾಸ್ ಮತ್ತು ಜ್ವೇನೆಪೂಲ್ ೧೯೯೪ರಲ್ಲಿ ಇದರ ವಿವರಗಳನ್ನು ಪ್ರಕಟಿಸಿದರು. ತಿದ್ದುಪಡಿಗಳನ್ನು ಬೀಗ ಬಿಡುವಾಗ ಎಲ್ಲರಿಗೂ ಸಾರುವ ಬದಲು, ಮುಂದೆ ಆ ಬೀಗವನ್ನು ಹಿಡಿಯುವವನಿಗೆ, ಅವನು ಹಿಡಿಯುವಾಗ ಮಾತ್ರ ತಿಳಿಸುವುದು ಇದರ ವಿಶೇಷ. ಸೋಮಾರಿಯಾದ ಬಿಡುಗಡೆಯ ಏಕವಾಕ್ಯತೆಯೆಂದು ಇದನ್ನು ಕರೆದಿದ್ದಾರೆ. ದತ್ತಾಂಶದ ಜಾತಿಯನ್ನು ಗುರುತುಹಾಕಬೇಕೆಂದಾಗಲಿ, ಬೀಗಕ್ಕೂ ದತ್ತಾಂಶಕ್ಕೂ ನಂಟನ್ನು ಘೋಷಿಸಬೇಕೆಂದಾಗಲಿ ಇದು ಕೇಳುವುದಿಲ್ಲ. ಬೀಗಗಳನ್ನೂ ತಡೆಗಟ್ಟುಗಳನ್ನೂ ಸರಿಯಾಗಿ ಬಳಸಿದರೆ ಸಾಕು. ಅವುಗಳನ್ನು ಸರಿಯಾಗಿ ಬಳಸುವುದಾದರೋ ಒಂದೇ ಯಂತ್ರದ ಮೇಲೆ ಬರೆಯುವಾಗಲೂ ಅವಶ್ಯಕವಾದದ್ದೇ. ಹೊಸದಾಗಿ ಯಾವ ಭಾರವನ್ನೂ ಹೊರಿಸದೆ, ಇದ್ದ ಶಿಸ್ತಿನಿಂದಲೇ ಪ್ರಯೋಜನವನ್ನು ಪಡೆಯುವುದು ಈ ರಚನೆಯ ಶ್ರೇಷ್ಠತೆ. ಈ ಕಾರಣದಿಂದ ನಾವು ಮ್ಯುನಿನ್ ಮತ್ತು ಮಿಡ್‌ವೇಗಳಿಗಿಂತ ಇದನ್ನು ಮೇಲಿನದಾಗಿ ಪರಿಗಣಿಸುತ್ತೇವೆ.

ಆದರೂ ಒಂದು ಸೂಕ್ಷ್ಮವನ್ನು ಅದರ ಕರ್ತೃಗಳೇ ಗಮನಿಸಿದ್ದಾರೆ. ಅನೇಕ ಊರುಗಳನ್ನು ಸುತ್ತಿಬರುವ ವ್ಯಾಪಾರಿಗೆ ಹ್ರಸ್ವತಮ ಮಾರ್ಗವನ್ನು ಹುಡುಕುವ ಪ್ರೋಗ್ರಾಮಿನಲ್ಲಿ, ಅದುವರೆಗೆ ದೊರೆತ ಅತ್ಯುತ್ತಮ ಮಾರ್ಗದ ಉದ್ದವನ್ನು ಬೀಗವಿಲ್ಲದೆಯೇ ಓದಲಾಗುತ್ತದೆ. ಸೋಮಾರಿಯಾದ ವ್ಯವಸ್ಥೆಯಲ್ಲಿ ಹಳೆಯ ಉದ್ದವೇ ಕಣ್ಣಿಗೆ ಬೀಳಬಹುದು. ಉತ್ತರ ತಪ್ಪುವುದಿಲ್ಲ, ಕೈಬಿಡಬಹುದಾಗಿದ್ದ ಮಾರ್ಗಗಳನ್ನು ವೃಥಾ ಹುಡುಕಿ ಕಾಲ ವ್ಯಯವಾಗುತ್ತದೆ. ಆದ್ದರಿಂದ ಈ ಒಂದು ಪ್ರೋಗ್ರಾಮಿಗೆ ಒಡನೆ ಸಾರುವ ಪದ್ಧತಿಯೇ ಮೇಲಾಯಿತು. ಹಳೆಯದನ್ನು ಓದುವುದರಿಂದ ಎಲ್ಲಿ ಕಾಲ ಮಾತ್ರ ನಷ್ಟವಾಗುತ್ತದೆ, ಎಲ್ಲಿ ಸತ್ಯವೇ ನಷ್ಟವಾಗುತ್ತದೆ ಎಂಬ ವಿವೇಚನೆ ಎಷ್ಟು ಮುಖ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೫

ಸಡಿಲಗೊಂಡ ಏಕವಾಕ್ಯತೆಗಳನ್ನು ಅರಾಜಕತೆಯಿಂದ ರಕ್ಷಿಸಿದ್ದು ಯಾವ ಯಂತ್ರವೂ ಅಲ್ಲ, ಒಂದು ವಿಚಾರ. ಸರಿತಾ ಆಡ್ವೆ ಮತ್ತು ಮಾರ್ಕ್ ಹಿಲ್ ೧೯೯೦ರಲ್ಲಿ ಪ್ರಕಟಿಸಿದ ಲೇಖನ ಅದನ್ನು ಪ್ರತಿಪಾದಿಸಿತು. ಅದಕ್ಕೆ ಮೊದಲು ದುರ್ಬಲ ಏಕವಾಕ್ಯತೆಯ ಲಕ್ಷಣಗಳನ್ನು ಯಂತ್ರದ ಒಳಗಿನ ನಡವಳಿಕೆಯಿಂದ ಹೇಳುತ್ತಿದ್ದರು: ಯಾವ ಕ್ರಿಯೆ ಯಾವುದಕ್ಕೆ ಕಾಯಬೇಕು, ಯಾವುದು ಯಾವುದನ್ನು ಹಿಂದಿಕ್ಕಬಹುದು, ಇತ್ಯಾದಿ. ಪ್ರೋಗ್ರಾಂ ಬರೆಯುವವನಿಗೆ ಇದರಿಂದ ಏನು ಪ್ರಯೋಜನ? ಆಡ್ವೆ ಮತ್ತು ಹಿಲ್ ಇದನ್ನು ಕರಾರಿನ ರೂಪಕ್ಕೆ ತಂದರು. ಎರಡು ಕ್ರಿಯೆಗಳು ಒಂದೇ ಸ್ಥಾನವನ್ನು ಮುಟ್ಟುತ್ತಿದ್ದು, ಅವುಗಳಲ್ಲಿ ಒಂದಾದರೂ ಬರೆಹವಾಗಿದ್ದು, ಅವುಗಳ ನಡುವೆ ಬೀಗ ಮುಂತಾದ ಹೊಂದಾಣಿಕೆಯಿಂದ ಕ್ರಮ ಏರ್ಪಟ್ಟಿಲ್ಲದಿದ್ದರೆ ಅದು ಪೈಪೋಟಿ. ಪ್ರೋಗ್ರಾಮಿನಲ್ಲಿ ಪೈಪೋಟಿಯಿರದಂತೆ ಬರೆಯುವುದು ಪ್ರೋಗ್ರಾಮರನ ಹೊಣೆ. ಹಾಗೆ ಬರೆದ ಪ್ರೋಗ್ರಾಮಿಗೆ ಲ್ಯಾಂಪೋರ್ಟರು ಹೇಳಿದ ಅನುಕ್ರಮ ಏಕವಾಕ್ಯತೆಯೇ ಕಾಣುವಂತೆ ಮಾಡುವುದು ಯಂತ್ರದ ಹೊಣೆ.

ಈ ಕರಾರಿನ ಮಹತ್ತ್ವ ಯಾವುದರಲ್ಲಿದೆ? ದುರ್ಬಲವೆನಿಸಿದ್ದ ವ್ಯವಸ್ಥೆಯು ಕರಾರನ್ನು ಪಾಲಿಸಿದವನಿಗೆ ಪ್ರಬಲವಾದ ವ್ಯವಸ್ಥೆಯಂತೆಯೇ ವರ್ತಿಸುತ್ತದೆ. ಬಲ ಮತ್ತು ದೌರ್ಬಲ್ಯಗಳ ಏಣಿ ಇಲ್ಲಿ ಕುಸಿದುಬೀಳುತ್ತದೆ. ಕೇಳಬೇಕಾದ ಪ್ರಶ್ನೆ ಏಕವಾಕ್ಯತೆ ಎಷ್ಟು ಬಲವಾದುದು ಎಂಬುದಲ್ಲ, ಯಾವ ನಿಬಂಧನೆಯ ಮೇಲೆ ಎಷ್ಟು ಭರವಸೆ ಎಂಬುದು. ಮುಂದೆ ೨೦೦೪ರಲ್ಲಿ ಜಾವಾ ಭಾಷೆಯ ಪರಿಷ್ಕೃತ ಸ್ಮೃತಿನಿಯಮವೂ, ೨೦೧೧ರಲ್ಲಿ ಸಿ ಪ್ಲಸ್ ಪ್ಲಸ್ ಭಾಷೆಯ ನಿಯಮವೂ ಈ ಕರಾರನ್ನೇ ಆಧಾರವಾಗಿ ಸ್ವೀಕರಿಸಿದುವು. ಜಾಲದ ಸಮಷ್ಟಿಸ್ಮೃತಿಗಾಗಿಯೂ ಬಹುಪ್ರೊಸೆಸರ್ ಯಂತ್ರಗಳಿಗಾಗಿಯೂ ನಡೆದ ವಾದವು ಹೀಗೆ ದಿನಬಳಕೆಯ ಭಾಷೆಗಳ ವ್ಯಾಕರಣವನ್ನು ಹೊಕ್ಕಿತು.

ಇದಕ್ಕೆ ಆಕ್ಷೇಪವಿಲ್ಲದೆ ಇಲ್ಲ. ಕರಾರನ್ನು ಮುರಿದವನ ಗತಿ ಏನು ಎಂಬುದು ಮೊದಲನೆಯ ಆಕ್ಷೇಪ. ಸಿ ಪ್ಲಸ್ ಪ್ಲಸ್ ಅಂತಹ ಪ್ರೋಗ್ರಾಮಿಗೆ ಅರ್ಥವೇ ಇಲ್ಲವೆಂದು ಕೈತೊಳೆದುಕೊಳ್ಳುತ್ತದೆ. ಅಪರಿಚಿತರು ಬರೆದ ಪ್ರೋಗ್ರಾಮುಗಳನ್ನೂ ಸುರಕ್ಷಿತವಾಗಿ ನಡೆಸುವೆನೆಂದು ಮಾತುಕೊಟ್ಟಿದ್ದ ಜಾವಾ ಹಾಗೆ ಹೇಳುವಂತಿರಲಿಲ್ಲ; ಪೈಪೋಟಿಯಿರುವ ಪ್ರೋಗ್ರಾಮಿಗೂ ಅದು ಒಂದಿಷ್ಟು ಅರ್ಥವನ್ನು ವಿಧಿಸಬೇಕಾಯಿತು. ಆ ಅರ್ಥವನ್ನು ನಿರ್ದುಷ್ಟವಾಗಿ ಹೇಳುವ ಬಗೆಯನ್ನು ಕುರಿತ ಚರ್ಚೆ ಇನ್ನೂ ಮುಗಿದಿಲ್ಲ. ಪೈಪೋಟಿ ಇಲ್ಲವೆಂಬುದನ್ನು ತಿಳಿಯುವುದು ಹೇಗೆ ಎಂಬುದು ಎರಡನೆಯ ಆಕ್ಷೇಪ. ಯಾವ ಪ್ರೋಗ್ರಾಮನ್ನು ಕೊಟ್ಟರೂ ತಪ್ಪದೆ ತೀರ್ಪುಕೊಡಬಲ್ಲ ಸಾರ್ವತ್ರಿಕ ವಿಧಾನ ಇರಲಾರದು. ಪ್ರೋಗ್ರಾಮನ್ನು ನಡೆಸಿ ಪರೀಕ್ಷಿಸುವ ಸಲಕರಣೆಗಳು ನಡೆದ ದಾರಿಯಲ್ಲಿದ್ದ ದೋಷವನ್ನು ಮಾತ್ರ ಕಾಣಬಲ್ಲುವು. ಎರಡೂ ಆಕ್ಷೇಪಗಳು ಗಟ್ಟಿಯಾದುವೇ. ಆದರೆ ಇವು ಕರಾರಿನ ತತ್ತ್ವವನ್ನು ಖಂಡಿಸುವುದಿಲ್ಲ. ಕರಾರನ್ನು ಪಾಲಿಸುವುದಕ್ಕೆ ಬೇಕಾದ ನೆರವು ಸಾಲದೆಂದು ಮಾತ್ರ ತೋರಿಸುತ್ತವೆ.

೬

ಜಾಲದ ಸಮಷ್ಟಿಸ್ಮೃತಿ ತಾನಾಗಿ ಲೋಕವ್ಯಾಪಿಯಾಗಲಿಲ್ಲ. ಸಂದೇಶರವಾನೆಯ ಎಂಪಿಐ ನಿಯಮಾವಳಿಯ ಮೊದಲ ಆವೃತ್ತಿ ೧೯೯೪ರಲ್ಲಿ ಹೊರಬಂದಿತು. ಅಂದಿನಿಂದ ವೈಜ್ಞಾನಿಕ ಲೆಕ್ಕಾಚಾರದವರು ಬಹುಮಟ್ಟಿಗೆ ಆ ದಾರಿಯನ್ನೇ ಹಿಡಿದರು. ಸಂದೇಶರವಾನೆಯಲ್ಲಿ ದತ್ತಾಂಶವೂ ಅದು ಸಿದ್ಧವಾಗಿದೆಯೆಂಬ ಸೂಚನೆಯೂ ಒಂದೇ ಲಕೋಟೆಯಲ್ಲಿ ಹೋಗುತ್ತವೆ. ಸಮಷ್ಟಿಸ್ಮೃತಿಯಲ್ಲಿ ಬೀಗ ಬೇರೆ, ಪುಟ ಬೇರೆಯಾಗಿ ಪ್ರಯಾಣಮಾಡುತ್ತವೆ. ವೇಗವೇ ಸರ್ವಸ್ವವಾದವರು ಭಾರವನ್ನು ತಾವೇ ಹೊರಲು ಒಪ್ಪಿದರೆಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಪ್ರತಿಗಳ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಖಂಡಾಂತರಗಳಲ್ಲಿ ಹರಡಿದ ದತ್ತಾಂಶಭಂಡಾರಗಳಲ್ಲಿ ಅದು ಪುನರ್ಜನ್ಮವನ್ನು ಪಡೆಯಿತು.

ಜಾಲವು ತುಂಡಾದಾಗ ಎಲ್ಲರಿಗೂ ಉತ್ತರ ಕೊಡುವುದೂ ಏಕವಾಕ್ಯತೆಯನ್ನು ಕಾಪಾಡುವುದೂ ಒಟ್ಟಿಗೆ ಸಾಧ್ಯವಿಲ್ಲವೆಂದು ಎರಿಕ್ ಬ್ರೂಯರ್ ೨೦೦೦ದಲ್ಲಿ ಊಹಿಸಿದರು. ಸೇಥ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ೨೦೦೨ರಲ್ಲಿ ಅದನ್ನು ಸಾಧಿಸಿದರು. ಈ ಇಕ್ಕಟ್ಟಿನಲ್ಲಿ ಎರಡು ದಾರಿಗಳನ್ನು ಹಿಡಿದವರನ್ನು ಹೋಲಿಸಬಹುದು. ಅಮೆಜಾನ್ ಸಂಸ್ಥೆಯವರು ೨೦೦೭ರಲ್ಲಿ ವರ್ಣಿಸಿದ ಡೈನಮೊ ಭಂಡಾರವು ಯಾವಾಗಲೂ ಬರೆಹವನ್ನು ಸ್ವೀಕರಿಸುತ್ತದೆ. ಗ್ರಾಹಕನ ಖರೀದಿಬುಟ್ಟಿಗೆ ಎರಡು ಭಿನ್ನ ಪ್ರತಿಗಳು ಹುಟ್ಟಿಕೊಂಡರೆ ಅವನ್ನು ಅನಂತರ ಕೂಡಿಸಲಾಗುತ್ತದೆ. ಸೇರಿಸಿದ ವಸ್ತು ಎಂದೂ ಕಳೆದುಹೋಗುವುದಿಲ್ಲ. ಆದರೆ ತೆಗೆದುಹಾಕಿದ ವಸ್ತು ಮತ್ತೆ ಕಾಣಿಸಿಕೊಳ್ಳಬಹುದು. ಇದನ್ನು ಕರ್ತೃಗಳು ಮರೆಮಾಚದೆ ಬರೆದಿದ್ದಾರೆ. ಬುಟ್ಟಿಯಲ್ಲಿ ಬೇಡದ ಪುಸ್ತಕವೊಂದು ಮತ್ತೆ ಕಂಡರೆ ಗ್ರಾಹಕನು ಅದನ್ನು ಮತ್ತೊಮ್ಮೆ ತೆಗೆದುಹಾಕಬಲ್ಲನು. ಆದಕಾರಣ ಆ ಸಂದರ್ಭಕ್ಕೆ ಈ ನಿರ್ಣಯ ಯುಕ್ತವಾದುದೇ. ಗೂಗಲ್ ಸಂಸ್ಥೆಯವರು ೨೦೧೨ರಲ್ಲಿ ವರ್ಣಿಸಿದ ಸ್ಪ್ಯಾನರ್ ಭಂಡಾರವಾದರೋ ಉಪಗ್ರಹಸಂಕೇತಗಳನ್ನೂ ಪರಮಾಣು ಗಡಿಯಾರಗಳನ್ನೂ ಆಧರಿಸಿ, ಕಾಲದ ಅನಿಶ್ಚಯ ಎಷ್ಟೆಂಬುದನ್ನು ಅಳೆದು, ಆ ಅನಿಶ್ಚಯ ಕಳೆಯುವವರೆಗೆ ಕಾದು, ಅನಂತರವೇ ಬರೆಹವನ್ನು ದೃಢೀಕರಿಸುತ್ತದೆ. ಮೊದಲನೆಯದು ಭಾರವನ್ನು ಬಹಿರಂಗವಾಗಿ ಬಳಕೆದಾರನಿಗೆ ಕೊಟ್ಟಿತು. ಎರಡನೆಯದು ಬಹಿರಂ��ವಾಗಿಯೇ ತಾನು ಹೊತ್ತು ಕಾಲದ ರೂಪದಲ್ಲಿ ಬೆಲೆಯನ್ನು ತೆತ್ತಿತು. ಎರಡೂ ಪ್ರಾಮಾಣಿಕವಾದ ದಾರಿಗಳು.

ಪ್ರಾಮಾಣಿಕವಲ್ಲದ ದಾರಿ ಮೂರನೆಯದು. ಕಾಲಾಂತರದಲ್ಲಿ ಎಲ್ಲ ಪ್ರತಿಗಳೂ ಸಮನಾಗುವುವೆಂಬುದಷ್ಟನ್ನೇ ಹೇಳಿ, ಏಕವಾಕ್ಯತೆಯೆಂಬ ಘನವಾದ ಹೆಸರನ್ನು ಅದಕ್ಕೆ ತೊಡಿಸಿ, ಎಲ್ಲ ಕೆಲಸಗಳಿಗೂ ಅದನ್ನು ಯೋಗ್ಯವೆಂದು ಸಾರುವುದು. ಬರೆಹಗಳು ನಿಂತರೆ ಪ್ರತಿಗಳು ಎಂದಾದರೊಮ್ಮೆ ಕೂಡುವುವೆಂಬ ಮಾತು, ಈ ಕ್ಷಣದಲ್ಲಿ ಓದುತ್ತಿರುವವನಿಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಬರೆಹಗಳು ಎಂದೂ ನಿಲ್ಲದ ಭಂಡಾರದಲ್ಲಿ ಅದರ ಅರ್ಥ ಇನ್ನೂ ತೆಳುವಾಗುತ್ತದೆ. ಖರೀದಿಬುಟ್ಟಿಗೆ ಸಾಕಾದದ್ದು ಬ್ಯಾಂಕಿನ ಶಿಲ್ಕಿಗೆ ಸಾಲದು. ಬುಟ್ಟಿಯ ತಪ್ಪನ್ನು ಕೂಡಿಸಿ ಸರಿಪಡಿಸಬಹುದು. ಇಲ್ಲದ ಹಣವನ್ನು ಇಬ್ಬರಿಗೆ ಕೊಟ್ಟಾದ ಮೇಲೆ ಪ್ರತಿಗಳನ್ನು ಕೂಡಿಸಿ ಫಲವೇನು?

೭

ಮೇಲಣ ಪರಾಮರ್ಶೆಯಿಂದ ಏಕವಾಕ್ಯತೆಯ ಯಾವ ಸಿದ್ಧಾಂತವನ್ನಾದರೂ ತೂಗಿನೋಡಲು ಮೂರು ಪ್ರಶ್ನೆಗಳು ದೊರೆಯುತ್ತವೆ. ಪ್ರತಿಗಳು ಭಿನ್ನವಾಗಿರುವಾಗ ಓದುವವನಿಗೆ ಏನು ಕಾಣಬಹುದು, ಏನು ಕಾಣಲಾರದು ಎಂಬುದನ್ನು ಪ್ರೋಗ್ರಾಮರನ ಭಾಷೆಯಲ್ಲಿ ಹೇಳಲಾಗಿದೆಯೇ? ಅವನು ಪಾಲಿಸಬೇಕಾದ ನಿಬಂಧನೆ, ಅವನು ಹೇಗೂ ಪಾಲಿಸಬೇಕಾದ ಶಿಸ್ತಿಗಿಂತ ಎಷ್ಟು ಹೆಚ್ಚಿನದು? ನಿಬಂಧನೆ ತಪ್ಪಿದಾಗ ಆಗುವ ನಷ್ಟ ಕಾಲದ್ದೋ, ಸತ್ಯದ್ದೋ? ಐವಿ ಮೊದಲನೆಯ ಪ್ರಶ್ನೆಗೆ ಪೂರ್ಣವಾದ ಉತ್ತರವನ್ನು ಕೊಟ್ಟು ವೇಗದಲ್ಲಿ ದಣಿಯಿತು. ಮ್ಯುನಿನ್ ಮತ್ತು ಮಿಡ್‌ವೇ ಎರಡನೆಯದರಲ್ಲಿ ಎಡವಿದುವು. ಟ್ರೆಡ್‌ಮಾರ್ಕ್ಸ್ ಮೂರಕ್ಕೂ ಹೆಚ್ಚು ಕಡಮೆ ತೃಪ್ತಿಕರವಾದ ಉತ್ತರವನ್ನು ಕೊಟ್ಟಿತು. ಅದರ ವ್ಯವಸ್ಥೆ ಬಳಕೆಯಿಂದ ಮರೆಯಾದರೂ ಅದರ ಹಿಂದಿದ್ದ ಕರಾರು ಉಳಿದುಬಂದುದು ಆಕಸ್ಮಿಕವಲ್ಲ.

ಅಧ್ಯಾಪಕರಿಗೆ ಇದರಿಂದ ಒಂದು ಕರ್ತವ್ಯ ಪ್ರಾಪ್ತವಾಗುತ್ತದೆ. ಪ್ರೋಗ್ರಾಮನ್ನು ನೂರು ಬಾರಿ ನಡೆಸಿ, ನೂರು ಬಾರಿಯೂ ಸರಿಯಾದ ಉತ್ತರ ಬಂದರೆ ಅದು ಸರಿಯಾಗಿದೆಯೆಂದು ನಂಬುವುದನ್ನು ಪ್ರಯೋಗಾಲಯಗಳಲ್ಲಿ ನಾವು ರೂಢಿಮಾಡಿಸುತ್ತೇವೆ. ಒಬ್ಬನೇ ನಡೆಯುವ ಪ್ರೋಗ್ರಾಮಿನ ವಿಷಯದಲ್ಲಿ ಈ ನಂಬಿಕೆಯಿಂದ ಹೆಚ್ಚು ಹಾನಿಯಿಲ್ಲದಿರಬಹುದು. ಪ್ರತಿಗಳ ಲೋಕದಲ್ಲಿ ನೂರೊಂದನೆಯ ಬಾರಿ ಸಂದೇಶವೊಂದು ತಡವಾಗಿ ಬಂದೀತು. ಆ ದೋಷ ಮತ್ತೆ ಕರೆದಾಗ ಬಾರದು. ಇಂದು ತರಗತಿಯಲ್ಲಿ ಕುಳಿತಿರುವವರೇ ನಾಳೆ ಆಸ್ಪತ್ರೆಗಳ, ಬ್ಯಾಂಕುಗಳ, ಭೂದಾಖಲೆಗಳ ಭಂಡಾರಗಳನ್ನು ಕಟ್ಟುವವರು. ಕ ಮತ್ತು ಖ ಸ್ಥಾನಗಳ ನಾಲ್ಕೇ ಸಾಲಿನ ನಿದರ್ಶನವನ್ನು ಮೊದಲು ಕಾಗದದ ಮೇಲೆ ತರ್ಕದಿಂದಲೂ ಅನಂತರ ಯಂತ್ರದ ಮೇಲೆ ಪ್ರಯೋಗದಿಂದಲೂ ಬಿಡಿಸಿದ ವಿದ್ಯಾರ್ಥಿಯು ಏಣಿಯ ಹತ್ತು ಮೆಟ್ಟಿಲುಗಳ ಹೆಸರನ್ನು ಬಲ್ಲವನಿಗಿಂತ ಹೆಚ್ಚು ತಿಳಿದವನು. ಬಗೆಗಳ ಪಟ್ಟಿಗಿಂತ ಮೊದಲು ಕರಾರಿನ ವಿಚಾರವನ್ನು ಬೋಧಿಸುವಂತೆ ಪಾಠಕ್ರಮವನ್ನು ತಿದ್ದುವುದು ಅವಶ್ಯಕವೆಂದು ನಮಗೆ ತೋರುತ್ತದೆ.

ದೂರವಿರುವವರೆಗೆ ಪ್ರತಿಗಳಿರುತ್ತವೆ, ಪ್ರತಿಗಳಿರುವವರೆಗೆ ಭಿನ್ನಪಾಠಗಳ ಸಂಭವವಿರುತ್ತದೆ. ಅದನ್ನು ಇಲ್ಲವಾಗಿಸುವುದು ಯಾರಿಂದಲೂ ಆಗದು. ಯಾವ ಪಾಠ ಯಾರಿಗೆ ಯಾವಾಗ ಕಾಣುವುದೆಂಬುದನ್ನು ಮುಂದಾಗಿ, ನಿಸ್ಸಂದಿಗ್ಧವಾಗಿ ಹೇಳುವುದು ಸಾಧ್ಯ. ವ್ಯವಸ್ಥೆಯನ್ನು ರಚಿಸುವವರಿಂದ ನಾವು ಕೇಳಬಹುದಾದುದೂ ಕೇಳಲೇಬೇಕಾದುದೂ ಅಷ್ಟೇ.